ಫೈಲ್ ತೋರಿಸಿದ ಕೂಡಲೇ ಪರದೆ ಯಾಕೆ ಖಾಲಿಯಾಗುತ್ತದೆ? ಸಿಪಿ/ಎಂ 2.2ಗೆ ಪ್ರೋಗ್ರಾಂ ಬರೆಯುವ ಬಗ್ಗೆ

ಪ್ರಶ್ನೆ: ಡಿಪ್ಲೊಮಾದಲ್ಲಿ 8085 ಪ್ರೊಸೆಸರ್ ಕಲಿತಿದ್ದೆ. ಈಗ ಹಳೇ ಕಂಪ್ಯೂಟರ್‌ಗಳ ಹುಚ್ಚು ಹಿಡಿದಿದೆ. ಕೇಪ್ರೊ 2 ಮತ್ತು ಡಿಸ್ಕ್ ಡ್ರೈವ್ ಇರುವ ಆಮ್‌ಸ್ಟ್ರಾಡ್ ಸಿಪಿಸಿ 464, ಎರಡನ್ನೂ ಎಮ್ಯುಲೇಟರ್‌ನಲ್ಲಿ (ಹಳೇ ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರ್) ಓಡಿಸಿ, ಆ ಕಾಲದ ಆಪರೇಟಿಂಗ್ ಸಿಸ್ಟಂ ಆದ ಸಿಪಿ/ಎಂ 2.2ಗೆ ಅಸೆಂಬ್ಲಿಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ. ಹೆಸರು ಕೊಟ್ಟ ಫೈಲನ್ನು ಓದಿ ತೋರಿಸಬೇಕು, ಅಷ್ಟೇ. ಕೇಪ್ರೊದಲ್ಲಿ ಅಕ್ಷರಗಳು ಸರ್ರನೆ ಬಂದು ಕೊನೆಗೆ ಪರದೆ ಪೂರ್ತಿ ಖಾಲಿಯಾಗುತ್ತದೆ. ಸಿಪಿಸಿಯಲ್ಲಿ ಫೈಲ್ ಕಾಣಿಸುತ್ತದೆ, ಆದರೆ ಆಮೇಲೆ ಟೈಪ್ ಮಾಡಿದ್ದೆಲ್ಲ ಪರದೆಯ ಕೆಳಗೆ ಒಂದೇ ಚೌಕದಲ್ಲಿ ಒಂದರ ಮೇಲೊಂದು ಬೀಳುತ್ತದೆ. ಒಂದೇ ಒಂದು ಫೈಲ್ ಮಾತ್ರ ಎರಡರಲ್ಲೂ ಸರಿಯಾಗಿ ಬರುತ್ತದೆ. ಪ್ರೋಗ್ರಾಂ ಒಳಗೇ ಅದೇ ಫೈಲನ್ನು ಎರಡನೇ ಸಲ ತೆರೆದರೆ ಒಂದಕ್ಷರವೂ ಬರುವುದಿಲ್ಲ. ತಪ್ಪು ನನ್ನದೋ, ಎಮ್ಯುಲೇಟರ್‌ದೋ? ಈ ವ್ಯವಸ್ಥೆಗೆ ಪ್ರೋಗ್ರಾಂ ಬರೆಯುವುದನ್ನು ಸರಿಯಾಗಿ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಎಮ್ಯುಲೇಟರ್‌ದು ತಪ್ಪಿಲ್ಲ. ಎರಡೂ ಯಂತ್ರಗಳು ನೀವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿವೆ. ಕೇಪ್ರೊದ ಖಾಲಿ ಪರದೆಗೂ ಸಿಪಿಸಿಯ ಆ ಒಂಟಿ ಚೌಕಕ್ಕೂ ಕಾರಣ ಒಂದೇ ಬೈಟ್. ಅದು ಹೆಕ್ಸ್‌ನಲ್ಲಿ 1ಎ, ದಶಮಾನದಲ್ಲಿ 26, ಕೀಬೋರ್ಡಿನಲ್ಲಿ ಕಂಟ್ರೋಲ್-ಜೆಡ್. (ಮುಂದೆಯೂ ಹೆಕ್ಸ್ ಅಂಕಿಗಳನ್ನು ನಾವು ಲ್ಯಾಬ್‌ನಲ್ಲಿ ಓದುತ್ತಿದ್ದ ಹಾಗೇ ಬರೆಯುತ್ತೇನೆ: 1ಎ, 5ಸಿ, ಇ5.)

ಸಿಪಿ/ಎಂ 2.2ಗೆ ಒಂದು ಫೈಲಿನಲ್ಲಿ ಎಷ್ಟು ಬೈಟ್ ಇದೆ ಎಂಬುದು ಗೊತ್ತೇ ಇರುವುದಿಲ್ಲ. ಅದಕ್ಕೆ ಗೊತ್ತಿರುವುದು ಎಷ್ಟು ರೆಕಾರ್ಡ್ ಎಂಬುದು ಮಾತ್ರ. ಒಂದು ರೆಕಾರ್ಡ್ ಅಂದರೆ 128 ಬೈಟ್. 1974ರಲ್ಲಿ ಇದು ಹುಟ್ಟಿದಾಗ ಮುಂದಿದ್ದದ್ದು ಐಬಿಎಂ ಮಾದರಿಯ 8 ಇಂಚಿನ ಫ್ಲಾಪಿ. 77 ಟ್ರ್ಯಾಕ್, ಟ್ರ್ಯಾಕಿಗೆ 26 ಸೆಕ್ಟರ್, ಸೆಕ್ಟರಿಗೆ 128 ಬೈಟ್. ಆ 128 ಅಂಕಿ ಮುಂದೆ ಎಂಥಾ ಡಿಸ್ಕ್ ಬಂದರೂ ಹೋಗಲಿಲ್ಲ. ನಿಮ್ಮ ಸಿಪಿಸಿಯ 3 ಇಂಚಿನ ಡಿಸ್ಕಿನಲ್ಲಿ ಸೆಕ್ಟರ್ 512 ಬೈಟ್ ಇದ್ದರೂ ಪ್ರೋಗ್ರಾಂಗೆ ಕಾಣಿಸುವುದು 128ರ ತುಂಡುಗಳೇ. ಕತ್ತರಿಸಿ ಕೊಡುವ ಕೆಲಸ ಒಳಗೆ ಬಯಾಸ್ (ಸಿಪಿ/ಎಂನಲ್ಲಿ ಆಯಾ ಯಂತ್ರಕ್ಕೆಂದೇ ಬರೆದ ಭಾಗ) ಮಾಡಿಕೊಳ್ಳುತ್ತದೆ.

ಈಗ ನಿಮ್ಮ ಫೈಲಿನಲ್ಲಿ 304 ಅಕ್ಷರ ಇದೆ ಅಂದುಕೊಳ್ಳಿ. ಅದಕ್ಕೆ 3 ರೆಕಾರ್ಡ್ ಬೇಕು, ಅಂದರೆ 384 ಬೈಟ್. ಉಳಿದ 80 ಬೈಟ್‌ಗಳಲ್ಲಿ ಏನಿರಬೇಕು? ಪಠ್ಯ ಎಲ್ಲಿ ಮುಗಿಯಿತು ಅಂತ ಹೇಳುವುದಕ್ಕೆ ಅಲ್ಲೊಂದು 1ಎ ಇಡುವುದು ಪದ್ಧತಿ. ಎಷ್ಟೋ ಎಡಿಟರ್‌ಗಳು ಉಳಿದ ಜಾಗ ಪೂರ್ತಿ 1ಎ ತುಂಬಿಬಿಡುತ್ತವೆ. ಇದನ್ನು ನೋಡಿಕೊಳ್ಳುವುದು ಪ್ರೋಗ್ರಾಂ ಬರೆದವರ ಜವಾಬ್ದಾರಿ, ಸಿಪಿ/ಎಂ ತಲೆ ಹಾಕುವುದಿಲ್ಲ. ನಿಮ್ಮ ಪ್ರೋಗ್ರಾಂ ನೋಡಿಕೊಂಡಿಲ್ಲ. ಹಾಗಾಗಿ 304 ಅಕ್ಷರ ಮುಗಿದ ಮೇಲೂ ಆ 80 ಬೈಟ್‌ಗಳನ್ನು ಪರದೆಗೆ ಕಳಿಸುತ್ತಿದೆ.

ಕೇಪ್ರೊದ ಪರದೆ ಎಡಿಎಂ-3ಎ ಎಂಬ ಟರ್ಮಿನಲ್‌ನ ಸಂಕೇತಗಳನ್ನು ಪಾಲಿಸುತ್ತದೆ. ಆ ಟರ್ಮಿನಲ್‌ಗೆ 1ಎ ಎಂದರೆ 'ಪರದೆ ಅಳಿಸು, ಕರ್ಸರ್ ಮೇಲಿನ ಮೂಲೆಗೆ ಹೋಗಲಿ'. ನೀವು ಅದಕ್ಕೆ ಸಾಲಾಗಿ 80 ಸಲ ಅಳಿಸು ಅಂತ ಹೇಳಿದ್ದೀರಿ. ಅದು ಅಳಿಸಿದೆ.

ಸಿಪಿಸಿಯ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಸಿಪಿ/ಎಂ 2.2 ಅಕ್ಷರಗಳನ್ನು ಯಂತ್ರದ ಸ್ವಂತ ಫರ್ಮ್‌ವೇರ್‌ಗೇ (ಯಂತ್ರದ ಒಳಗೇ ಕಾಯಂ ಆಗಿ ಇರುವ ಪ್ರೋಗ್ರಾಂ) ಕೊಡುತ್ತದೆ. ಆ ಫರ್ಮ್‌ವೇರ್‌ಗೆ 26 ಎಂದರೆ 'ಪಠ್ಯದ ಕಿಟಕಿ ಹೊಂದಿಸು'. ಅದರ ಹಿಂದೆ ಬರುವ 4 ಬೈಟ್‌ಗಳು ಆ ಕಿಟಕಿಯ ಎಡ, ಬಲ, ಮೇಲು, ಕೆಳಗಿನ ಅಂಚುಗಳು. ನಿಮ್ಮ ಫೈಲಿನಲ್ಲಿ ಆ ನಾಲ್ಕೂ 26. ಎಡವೂ 26, ಬಲವೂ 26, ಅಂದರೆ ಕಿಟಕಿಯ ಅಗಲ ಒಂದೇ ಅಕ್ಷರ. ಪರದೆಯಲ್ಲಿ ಇರುವುದೇ 25 ಸಾಲು, ಹಾಗಾಗಿ ಅದು ತಳಕ್ಕೆ ಹೋಗಿ ಕೂತುಕೊಳ್ಳುತ್ತದೆ. 80ನ್ನು 5ರಿಂದ ಭಾಗಿಸಿದರೆ ಸರಿಯಾಗಿ 16 ಸಲ ಕಿಟಕಿ ಹೊಂದಿಸಿದ ಹಾಗಾಯಿತು. ಭಾಗ ಸರಿ ಹೋಗದಿದ್ದರೆ ಫರ್ಮ್‌ವೇರ್ ಉಳಿದ ಬೈಟ್‌ಗಳಿಗಾಗಿ ಕಾಯುತ್ತಾ ಮುಂದೆ ಬರುವ ಪ್ರಾಂಪ್ಟ್‌ನ ಮೊದಲ ಕೆಲವು ಬೈಟ್‌ಗಳನ್ನೂ ನುಂಗುತ್ತದೆ. ಬೇರೆ ಬೇರೆ ಫೈಲಿಗೆ ಬೇರೆ ಬೇರೆ ಥರ ಕೆಡುವುದು ಕಂಡಿದ್ದರೆ ಕಾರಣ ಇದೇ.

ಇನ್ನು ಸರಿಯಾಗಿ ಬರುವ ಆ ಒಂದೇ ಫೈಲ್. ಅದರ ಉದ್ದ 128ರ ಗುಣಕ ಇದ್ದೇ ಇರುತ್ತದೆ, ಎಣಿಸಿ ನೋಡಿ: 128, 256, 384, ಹೀಗೆ. ಕೊನೆಯ ರೆಕಾರ್ಡ್ ಅಂಚಿನವರೆಗೆ ಭರ್ತಿಯಾಗಿದ್ದರೆ 1ಎ ಇಡುವುದಕ್ಕೆ ಜಾಗವೂ ಇಲ್ಲ, ಅಗತ್ಯವೂ ಇಲ್ಲ. ಅದಕ್ಕೇ ನಿಮ್ಮ ಪ್ರೋಗ್ರಾಂನಲ್ಲಿ ಎರಡು ಪರೀಕ್ಷೆ ಬೇಕು. ರೆಕಾರ್ಡ್ ಓದುವ ಕರೆ ಸೊನ್ನೆ ಅಲ್ಲದ್ದನ್ನು ಹಿಂದಿರುಗಿಸಿದರೆ ಫೈಲ್ ಮುಗಿಯಿತು. ರೆಕಾರ್ಡ್ ಒಳಗೆ 1ಎ ಸಿಕ್ಕರೂ ಮುಗಿಯಿತು. ಒಂದನ್ನೇ ನಂಬಿದರೆ ಇನ್ನೊಂದು ಕಡೆ ಏಟು ಬೀಳುತ್ತದೆ.

ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಪಕ್ಕದ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಇದು ನೆನಪಿರಬೇಕು. ಡಾಸ್‌ನಲ್ಲಿ 'ಕಾಪಿ ಕಾನ್' ಕೊಟ್ಟು ಫೈಲ್ ಬರೆದು ಕೊನೆಗೆ ಕಂಟ್ರೋಲ್-ಜೆಡ್ ಒತ್ತುತ್ತಿದ್ದೆವು, ಅಲ್ವಾ? ಯಾಕೆ ಅಂತ ಯಾರೂ ಹೇಳಿಕೊಡಲಿಲ್ಲ, ಸುಮ್ನೆ ಒತ್ತುತ್ತಿದ್ದೆವು. ಅದು ಇದೇ 1ಎ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಎಲ್ಲಿಂದ ಶುರು ಮಾಡುವುದು. ಸಿಪಿ/ಎಂ ಬರೆದದ್ದು ಗ್ಯಾರಿ ಕಿಲ್ಡಾಲ್. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾಪಡೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಜೊತೆಗೆ ಇಂಟೆಲ್‌ಗೆ ಸಲಹೆಗಾರರು. ಪಕ್ಕದ ಪೆಸಿಫಿಕ್ ಗ್ರೋವ್‌ನಲ್ಲಿ ಕೂತು ಬರೆದರು. ಅವರಿಗೆ ಸಿಕ್ಕಿದ್ದ 8 ಇಂಚಿನ ಡ್ರೈವ್‌ಗೆ ಕಂಟ್ರೋಲರ್ ಕಟ್ಟಿಕೊಟ್ಟವರು ಗೆಳೆಯ ಜಾನ್ ಟೊರೋಡ್. ಆಮೇಲೆ ಇಮ್ಸಾಯ್ ಕಂಪನಿಗೆ ಕೊಡುವಾಗ ಒಂದು ದೊಡ್ಡ ಕೆಲಸ ಮಾಡಿದರು. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಭಾಗವನ್ನೆಲ್ಲ ಒಂದೇ ಕಡೆ ಬೇರ್ಪಡಿಸಿ ಇಟ್ಟರು. ಅದೇ ಬಯಾಸ್. 2.2ರಲ್ಲಿ ಅದು 17 ಜಂಪ್‌ಗಳ ಒಂದು ಪಟ್ಟಿಯಿಂದ ಶುರುವಾಗುತ್ತದೆ: ಒಂದು ಅಕ್ಷರ ತಾ, ಒಂದು ಅಕ್ಷರ ಕಳಿಸು, ಟ್ರ್ಯಾಕ್ ಹೊಂದಿಸು, ಸೆಕ್ಟರ್ ಓದು, ಇಂಥವೇ. ಫೈಲ್‌ಗಳನ್ನು ನೋಡಿಕೊಳ್ಳುವ ಬಿಡಾಸ್ ಎಲ್ಲ ಯಂತ್ರದಲ್ಲೂ ಒಂದೇ. ಆದ್ದರಿಂದ ಇದಕ್ಕೆ ಪ್ರೋಗ್ರಾಂ ಬರೆಯುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಬಾಗಿಲು ಒಂದೇ, ಅದು 0005ನೇ ವಿಳಾಸದಲ್ಲಿದೆ. ಆ ಬಾಗಿಲಿನಿಂದ ಹೋದದ್ದು ಎಲ್ಲ ಯಂತ್ರದಲ್ಲೂ ಓಡುತ್ತದೆ. ಆದರೆ ಬಾಗಿಲಿನ ಆಚೆ ನೀವು ಕಳಿಸಿದ ಬೈಟನ್ನು ಪರದೆ ಏನು ಮಾಡುತ್ತದೆ ಎಂಬುದು ಆಯಾ ಯಂತ್ರಕ್ಕೆ ಬಿಟ್ಟದ್ದು. ನಿಮ್ಮ 1ಎ ಸಿಕ್ಕಿಬಿದ್ದದ್ದು ಸರಿಯಾಗಿ ಅಲ್ಲೇ.

ಬಾಗಿಲು ತಟ್ಟುವ ಕ್ರಮ ಸುಲಭ. ಸಿ ರಿಜಿಸ್ಟರ್‌ನಲ್ಲಿ ಕೆಲಸದ ಸಂಖ್ಯೆ, ಡಿಇ ಜೋಡಿಯಲ್ಲಿ ವಿಳಾಸ (ಒಂದೇ ಬೈಟ್ ಆದರೆ ಇ ರಿಜಿಸ್ಟರ್‌ನಲ್ಲಿ), ಆಮೇಲೆ 5ಕ್ಕೆ ಕಾಲ್. ಉತ್ತರ ಎ ರಿಜಿಸ್ಟರ್‌ನಲ್ಲಿ. ನಿಮ್ಮ 8085 ಕಲಿಕೆ ಇಲ್ಲಿ ನೇರ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಸಿಪಿ/ಎಂ ಬರೆದದ್ದು 8080ಗೆ, 8085 ಅದರದೇ ತಮ್ಮ. ಜೊತೆಗೆ ಬರುವ ಎಎಸ್‌ಎಂ ಅಸೆಂಬ್ಲರ್‌ನಲ್ಲೂ ನಿಮಗೆ ಗೊತ್ತಿರುವ ಎಂವಿಐ, ಎಲ್‌ಎಕ್ಸ್‌ಐಗಳೇ ಇವೆ.

ಅಸೆಂಬ್ಲರ್ ಮುಟ್ಟುವ ಮುಂಚೆ ಒಂದು ಸಲ ಕೈಯಲ್ಲೇ ಬೈಟ್ ಹಾಕಿ ನೋಡಿ, ತುಂಬಾ ಖುಷಿಯಾಗುತ್ತದೆ. ಸಿಪಿ/ಎಂ ಜೊತೆ ಬರುವ ಡಿಬಗ್ಗರ್ ಡಿಡಿಟಿ ತೆರೆಯಿರಿ. ಎಸ್100 ಎಂದು ಕೊಟ್ಟರೆ 0100ರಿಂದ ಒಂದೊಂದೇ ಬೈಟ್ ತೋರಿಸಿ ಬದಲಿಸಲು ಬಿಡುತ್ತದೆ, ಥೇಟ್ 8085 ಕಿಟ್‌ನ 'ಸಬ್‌ಸ್ಟಿಟ್ಯೂಟ್ ಮೆಮೊರಿ' ಕೀ ಇದ್ದ ಹಾಗೆ. ಇವನ್ನು ಹಾಕಿ:

0ಇ 09 11 09 01 ಸಿಡಿ 05 00 ಸಿ9
4ಇ 41 4ಡಿ 41 53 4ಬಿ 41 52 41 24

ಮೊದಲ ಸಾಲಿನ 9 ಬೈಟ್ ಪ್ರೋಗ್ರಾಂ: ಸಿಗೆ 9 (ಡಾಲರ್ ಚಿಹ್ನೆಯವರೆಗಿನ ಅಕ್ಷರಗಳನ್ನು ತೋರಿಸುವ ಕೆಲಸ) ಹಾಕು, ಡಿಇಗೆ 0109 ಹಾಕು, 0005ನ್ನು ಕರೆ, ವಾಪಸ್ ಹೋಗು. ಎರಡನೇ ಸಾಲು 0109ರಲ್ಲಿ ಕೂರುತ್ತದೆ. ಅದು ಇಂಗ್ಲಿಷ್ ಅಕ್ಷರಗಳಲ್ಲಿ 'ನಮಸ್ಕಾರ' ಮತ್ತು ಕೊನೆಗೊಂದು ಡಾಲರ್ ಚಿಹ್ನೆ. ಒಟ್ಟು 19 ಬೈಟ್. ಚುಕ್ಕಿ ಕೊಟ್ಟು ನಿಲ್ಲಿಸಿ, ಜಿ0 ಕೊಟ್ಟು ಡಿಡಿಟಿಯಿಂದ ಹೊರಗೆ ಬನ್ನಿ, 'ಸೇವ್ 1' ಎಂದು ಬರೆದು ಮುಂದೆ ನಿಮಗೆ ಬೇಕಾದ ಹೆಸರಿಗೆ ಡಾಟ್ ಕಾಮ್ ಸೇರಿಸಿ. 1 ಎಂದರೆ 0100ರಿಂದ 256 ಬೈಟ್‌ನ ಒಂದು ಪುಟ. ಈಗ ಆ ಹೆಸರು ಟೈಪ್ ಮಾಡಿದರೆ ಎರಡೂ ಯಂತ್ರದಲ್ಲಿ ನಮಸ್ಕಾರ ಬರುತ್ತದೆ. ನಾನು ಮೊದಲು ಕಲಿತದ್ದು ಏಳು ಗೆರೆಯ ಕೆಂಪು ಅಂಕಿಗಳ ಕಿಟ್‌ನಲ್ಲಿ. ಅಲ್ಲಿ ಕರೆಂಟ್ ಹೋದರೆ ಅರ್ಧ ಗಂಟೆಯ ಕೆಲಸ ಪೂರ್ತಿ ಹೋಗುತ್ತಿತ್ತು. ಹಾಕಿದ ಬೈಟ್‌ಗಳಿಗೆ ಹೆಸರಿಟ್ಟು ಡಿಸ್ಕಿನಲ್ಲಿ ಇಡಬಹುದು ಎಂಬುದು ನನಗೆ ಇವತ್ತಿಗೂ ಸಣ್ಣ ವಿಷಯ ಅನಿಸುವುದಿಲ್ಲ.

ಒಂದು ಎಚ್ಚರಿಕೆ. ಡಿಡಿಟಿ ಒಳಗಿಂದಲೇ ಓಡಿಸುವುದಾದರೆ ಬರೀ ಜಿ100 ಕೊಡಬೇಡಿ, ಜಿ100,108 ಕೊಡಿ. ಆಗ ರೆಟ್‌ಗೆ (ವಾಪಸ್ ಹೋಗು ಎನ್ನುವ ಆ ಸಿ9) ಮುಂಚೆ ನಿಲ್ಲುತ್ತದೆ. ಅಲ್ಲಿ ರೆಟ್ ಮಾಡಿದರೆ ವಾಪಸ್ ಹೋಗಲು ಸರಿಯಾದ ವಿಳಾಸ ಸ್ಟ್ಯಾಕ್‌ನಲ್ಲಿ ಇರುವುದಿಲ್ಲ.

ಆ 9 ಮತ್ತು ಡಾಲರ್ ಚಿಹ್ನೆ ಎಲ್ಲೋ ನೋಡಿದ ಹಾಗಿದೆಯಾ? ಇಂಜಿನಿಯರಿಂಗ್‌ನಲ್ಲಿ 8086 ಲ್ಯಾಬ್ ಮಾಡಿದವರು ಎಎಚ್‌ಗೆ 09 ಹಾಕಿ, ಸಂದೇಶದ ಕೊನೆಗೆ ಡಾಲರ್ ಇಟ್ಟು, ಇಂಟರಪ್ಟ್ 21 ಕರೆದಿರುತ್ತಾರೆ. ಸಿಯಾಟಲ್‌ನಲ್ಲಿ ಟಿಮ್ ಪ್ಯಾಟರ್ಸನ್ 1980ರಲ್ಲಿ 86-ಡಾಸ್ ಬರೆದಾಗ ಸಿಪಿ/ಎಂ ಪ್ರೋಗ್ರಾಂಗಳನ್ನು 8086ಗೆ ತರುವುದು ಸುಲಭವಾಗಲಿ ಅಂತ ಕೆಲಸದ ಸಂಖ್ಯೆಗಳನ್ನು ಹಾಗೇ ಇಟ್ಟುಕೊಂಡರು. ಅದೇ ಮುಂದೆ ಎಂಎಸ್-ಡಾಸ್ ಆಯಿತು. 0100ರಿಂದ ಶುರುವಾಗುವ ಡಾಟ್ ಕಾಮ್ ಫೈಲ್, ಎ ಬಿ ಎಂಬ ಡ್ರೈವ್ ಹೆಸರು, 8 ಅಕ್ಷರದ ಹೆಸರಿಗೆ 3 ಅಕ್ಷರದ ಬಾಲ, ಎಲ್ಲವೂ ಇಲ್ಲಿಂದ ಹೋದದ್ದು.

ಈಗ ನಿಮ್ಮ ಎರಡನೇ ತೊಂದರೆ, ಅದೇ ಫೈಲ್ ಮತ್ತೆ ತೆರೆದರೆ ಏನೂ ಬರುವುದಿಲ್ಲ ಎಂಬುದು. ಇದಕ್ಕೆ ಎಫ್‌ಸಿಬಿ (ಫೈಲ್ ಕಂಟ್ರೋಲ್ ಬ್ಲಾಕ್) ಅರ್ಥವಾಗಬೇಕು. ಫೈಲ್‌ನ ಜಾತಕ ಇದ್ದ ಹಾಗೆ ಅದು, 36 ಬೈಟ್. ಮೊದಲ ಬೈಟ್ ಡ್ರೈವ್, ಆಮೇಲೆ 8 ಮತ್ತು 3 ಬೈಟ್ ಹೆಸರು, 12ನೇ ಬೈಟ್ ಎಕ್ಸ್‌ಟೆಂಟ್ ಸಂಖ್ಯೆ, 16ರಿಂದ 31ರವರೆಗೆ ಫೈಲ್ ಡಿಸ್ಕಿನ ಯಾವ ಬ್ಲಾಕ್‌ಗಳಲ್ಲಿದೆ ಎಂಬ ನಕ್ಷೆ, 32ನೇ ಬೈಟ್ ಮುಂದೆ ಓದಬೇಕಾದ ರೆಕಾರ್ಡ್. ಎಣಿಕೆ ಸೊನ್ನೆಯಿಂದ. ಕೊನೆಯ 3 ಬೈಟ್ ರ‍್ಯಾಂಡಮ್ ಓದಿಗೆ, ನಿಮಗೆ ಈಗ ಬೇಡ.

ನೀವು ಪ್ರೋಗ್ರಾಂ ಹೆಸರಿನ ಜೊತೆ ಫೈಲ್ ಹೆಸರು ಟೈಪ್ ಮಾಡಿದಾಗ, ಪ್ರಾಂಪ್ಟ್ ತೋರಿಸುವ ಸಿಸಿಪಿಯೇ ಅದನ್ನು ಬಿಡಿಸಿ 005ಸಿ ವಿಳಾಸದಲ್ಲಿ ಎಫ್‌ಸಿಬಿ ತಯಾರು ಮಾಡಿ ಇಟ್ಟಿರುತ್ತದೆ. 32ನೇ ಬೈಟಿಗೂ ಅದೇ ಸೊನ್ನೆ ಹಾಕಿರುತ್ತದೆ. ಅದಕ್ಕೇ ಮೊದಲ ಸಲ ಎಲ್ಲ ಸರಿ ಹೋಗುತ್ತದೆ. ನೀವು 3 ರೆಕಾರ್ಡ್ ಓದಿದ ಮೇಲೆ ಆ ಬೈಟ್ 3 ಆಗಿದೆ. ಫೈಲ್ ತೆರೆಯುವ ಕರೆ, ಅಂದರೆ 15, ಆ ಬೈಟನ್ನು ಮುಟ್ಟುವುದಿಲ್ಲ. ಎರಡನೇ ಸಲ ತೆರೆದು ಓದು ಎಂದರೆ ಅದು ಇಲ್ಲದ ನಾಲ್ಕನೇ ರೆಕಾರ್ಡಿಗೆ ಕೈ ಹಾಕಿ 'ಮುಗಿಯಿತು' ಅನ್ನುತ್ತದೆ. ಫೈಲ್ 16ಕೆಗಿಂತ ದೊಡ್ಡದಾಗಿದ್ದರೆ ಇನ್ನೊಂದು ಥರ ಕೆಡುತ್ತದೆ. ಒಂದು ಎಕ್ಸ್‌ಟೆಂಟ್ ಅಂದರೆ 128 ರೆಕಾರ್ಡ್, 16ಕೆ. ಓದುತ್ತಾ 12ನೇ ಬೈಟ್ 1 ಆಗಿರುತ್ತದೆ, ಮತ್ತೆ ತೆರೆದರೆ ಫೈಲಿನ ಮಧ್ಯದಿಂದಲೇ ತೆರೆಯುತ್ತದೆ. ಪರಿಹಾರ ಎರಡಕ್ಕೂ ಒಂದೇ: ಪ್ರತಿ ಸಲ ತೆರೆಯುವ ಮುಂಚೆ 12ರಿಂದ 15ರವರೆಗಿನ ಬೈಟ್‌ಗಳಿಗೂ 32ಕ್ಕೂ ಸೊನ್ನೆ ಹಾಕಿ. 005ಸಿಯಲ್ಲಿರುವ ಎಫ್‌ಸಿಬಿಯಲ್ಲಿ ಅವು 0068ರಿಂದ 006ಬಿ, ಮತ್ತು 007ಸಿ.

ಈ ಸೊನ್ನೆ ಪುಟ, ಅಂದರೆ 0000ದಿಂದ 00ಎಫ್‌ಎಫ್‌ವರೆಗಿನ 256 ಬೈಟ್, ಹಳೇ ವಠಾರದ ಒಂದೇ ಕೋಣೆಯ ಮನೆ ಇದ್ದ ಹಾಗೆ. ಬೆಳಿಗ್ಗೆ ಹಾಸಿಗೆ ಸುತ್ತಿಟ್ಟರೆ ಮಾತ್ರ ತಿಂಡಿಗೆ ಕೂರಲು ಜಾಗ. ನೀವು ಎರಡು ಫೈಲ್ ಹೆಸರು ಕೊಟ್ಟರೆ ಎರಡನೆಯದು 006ಸಿಯಲ್ಲಿ ಕೂರುತ್ತದೆ. 006ಸಿ ಅಂದರೆ ಮೊದಲ ಎಫ್‌ಸಿಬಿಯ 16ನೇ ಬೈಟ್, ಬ್ಲಾಕ್ ನಕ್ಷೆಯ ಜಾಗ! ಮೊದಲ ಫೈಲ್ ತೆರೆದ ಕೂಡಲೇ ಅಲ್ಲಿ ನಕ್ಷೆ ಬಂದು ಎರಡನೇ ಹೆಸರು ಅಳಿಸಿಹೋಗುತ್ತದೆ. ಹಾಗಾಗಿ ಏನನ್ನೂ ತೆರೆಯುವ ಮುಂಚೆ 006ಸಿಯ 16 ಬೈಟ್ ನಿಮ್ಮ ಜಾಗಕ್ಕೆ ನಕಲು ಮಾಡಿಕೊಳ್ಳಿ. 0080ರದ್ದೂ ಇದೇ ಕಥೆ. ಪ್ರೋಗ್ರಾಂ ಶುರುವಾದಾಗ ಅಲ್ಲಿ ನೀವು ಟೈಪ್ ಮಾಡಿದ ಸಾಲಿನ ಬಾಲ ಇರುತ್ತದೆ, ಮೊದಲ ಬೈಟ್ ಅದರ ಉದ್ದ. ಡಿಸ್ಕಿನಿಂದ ಓದಿದ ರೆಕಾರ್ಡ್ ಬಂದು ಬೀಳುವುದೂ ಅಲ್ಲೇ, ನೀವು 26ನೇ ಕರೆಯಿಂದ ಬೇರೆ ಜಾಗ ಹೇಳದಿದ್ದರೆ. ಬಾಲ ಬೇಕಿದ್ದರೆ ಮೊದಲೇ ಎತ್ತಿಟ್ಟುಕೊಳ್ಳಿ.

ಇನ್ನು ನಿಮ್ಮ ಪ್ರೋಗ್ರಾಂನ ನಡಿಗೆ ಹೀಗಿರಲಿ. ಮೊದಲು ಸ್ವಂತ ಸ್ಟ್ಯಾಕ್ ಇಟ್ಟುಕೊಳ್ಳಿ. ಸಿಸಿಪಿ ಕೊಡುವ ಸ್ಟ್ಯಾಕ್‌ನಲ್ಲಿ 8 ವಿಳಾಸಕ್ಕೆ ಮಾತ್ರ ಜಾಗ, ಅದರಲ್ಲಿ ಒಂದು ವಾಪಸ್ ಹೋಗುವ ವಿಳಾಸಕ್ಕೇ ಹೋಗಿರುತ್ತದೆ. ಪ್ರೋಗ್ರಾಂ ಕೊನೆಗೆ 64 ಬೈಟ್ ಬಿಟ್ಟುಕೊಂಡು ಎಸ್‌ಪಿಯನ್ನು ಅದರ ತುದಿಗೆ ಇಟ್ಟರೆ ಸಾಕು. ಆಮೇಲೆ 005ಡಿಯಲ್ಲಿ ಖಾಲಿ ಜಾಗದ ಅಕ್ಷರ, ಹೆಕ್ಸ್ 20, ಇದೆಯಾ ನೋಡಿ. ಇದ್ದರೆ ಫೈಲ್ ಹೆಸರೇ ಕೊಟ್ಟಿಲ್ಲ ಅಂತ ಅರ್ಥ, ಸಂದೇಶ ತೋರಿಸಿ ಮುಗಿಸಿ. ಹೆಸರಿನಲ್ಲಿ ಪ್ರಶ್ನೆ ಚಿಹ್ನೆ ಇದ್ದರೂ ಮುಗಿಸಿ. ಯಾಕೆಂದರೆ ನಕ್ಷತ್ರ ಚಿಹ್ನೆ ಟೈಪ್ ಮಾಡಿದರೆ ಸಿಸಿಪಿ ಅದನ್ನು ಪ್ರಶ್ನೆ ಚಿಹ್ನೆಗಳಾಗಿ ಬಿಡಿಸುತ್ತದೆ, ತೆರೆಯುವ ಕರೆ ಮೊದಲು ಸಿಕ್ಕ ಯಾವುದೋ ಫೈಲನ್ನು ತೆರೆದುಬಿಡುತ್ತದೆ. ಸೊನ್ನೆಗಳನ್ನು ಹಾಕಿ 15ನ್ನು ಕರೆಯಿರಿ. ಎಯಲ್ಲಿ 255 ಬಂದರೆ ಫೈಲ್ ಇಲ್ಲ. 0ಯಿಂದ 3ರವರೆಗೆ ಯಾವುದು ಬಂದರೂ ಸಿಕ್ಕಿತು. ಸಿಕ್ಕರೆ ಸೊನ್ನೆ ಬರುತ್ತದೆ ಅಂದುಕೊಂಡು ಸೊನ್ನೆಗೆ ಹೋಲಿಸಿದರೆ ನಾಲ್ಕರಲ್ಲಿ ಒಂದು ಫೈಲ್ ಮಾತ್ರ ತೆರೆಯುತ್ತದೆ, ಉಳಿದವು ಇಲ್ಲ ಅನ್ನುತ್ತದೆ. ಈ ತಪ್ಪನ್ನು ಹುಡುಕುವುದು ಜಾಸ್ತಿ ಕಷ್ಟ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಆಮೇಲೆ 20ನ್ನು ಕರೆದು ಒಂದು ರೆಕಾರ್ಡ್ ತನ್ನಿ. ಎ ಸೊನ್ನೆ ಅಲ್ಲದಿದ್ದರೆ ಮುಗಿಯಿತು. ಸೊನ್ನೆ ಇದ್ದರೆ ಎಚ್‌ಎಲ್‌ಗೆ 0080, ಬಿಗೆ 128 ಹಾಕಿಕೊಂಡು ಒಂದೊಂದೇ ಬೈಟ್ ತೆಗೆಯಿರಿ. ತೆಗೆದ ಕೂಡಲೇ 1ಎ ಜೊತೆ ಹೋಲಿಸಿ, ಸಮ ಇದ್ದರೆ ಅಲ್ಲೇ ಮುಗಿಸಿ. ಇಲ್ಲದಿದ್ದರೆ 7ಎಫ್ ಜೊತೆ ಆ್ಯಂಡ್ ಮಾಡಿ ಇಗೆ ಹಾಕಿ, ಒಂದು ಅಕ್ಷರ ಪರದೆಗೆ ಕಳಿಸುವ 2ನ್ನು ಕರೆಯಿರಿ. ಆ ಆ್ಯಂಡ್ ಯಾಕೆಂದರೆ ವರ್ಡ್‌ಸ್ಟಾರ್ ಎಂಬ ಪಠ್ಯ ಬರೆಯುವ ಪ್ರೋಗ್ರಾಂ ತನ್ನ ಡಾಕ್ಯುಮೆಂಟ್ ಫೈಲ್‌ಗಳಲ್ಲಿ ಪ್ರತಿ ಪದದ ಕೊನೆಯ ಅಕ್ಷರದ ಮೇಲಿನ ಬಿಟ್ ಅನ್ನು 1 ಮಾಡಿ ಇಡುತ್ತದೆ. ಅದನ್ನು ತೆಗೆಯದಿದ್ದರೆ ಪದಗಳ ಕೊನೆಯಲ್ಲೆಲ್ಲ ಬೇರೆ ಏನೋ ಕಾಣಿಸುತ್ತದೆ. ಹೋಲಿಕೆ ಮೊದಲು, ಆ್ಯಂಡ್ ಆಮೇಲೆ. ಅದಲು ಬದಲು ಮಾಡಿದರೆ 9ಎ ಕೂಡ 1ಎ ಆಗಿ ಫೈಲ್ ಅರ್ಧಕ್ಕೇ ನಿಂತುಹೋಗಬಹುದು.

5ನ್ನು ಕರೆದಾಗ ಬಿಡಾಸ್ ನಿಮ್ಮ ರಿಜಿಸ್ಟರ್‌ಗಳನ್ನು ಕಾಪಾಡುವುದಿಲ್ಲ. ಬಿ, ಎಚ್‌ಎಲ್ ಎರಡೂ ಹೋಗಬಹುದು. ಕರೆಯುವ ಮುಂಚೆ ಎರಡನ್ನೂ ಪುಷ್ ಮಾಡಿ, ಬಂದ ಮೇಲೆ ಪಾಪ್ ಮಾಡಿ. ನಿಮ್ಮ ಪ್ರೋಗ್ರಾಂ ಹ್ಯಾಂಗ್ ಆಗದೆ ಕೊನೆಯವರೆಗೆ ಹೋಗುತ್ತಿದೆ, ಹಾಗಾಗಿ ಇದನ್ನು ನೀವು ಮಾಡಿಯೇ ಇರಬೇಕು. ಮುಗಿಸುವಾಗ 0000ಕ್ಕೆ ಜಂಪ್ ಮಾಡಿ, ಆಗ ಸಿಸಿಪಿ ಡಿಸ್ಕಿನಿಂದ ಮತ್ತೆ ಲೋಡ್ ಆಗುತ್ತದೆ. ರೆಟ್ ಕೂಡ ಆಗುತ್ತದೆ, ಆದರೆ ಸಿಸಿಪಿ ಕೊಟ್ಟ ಸ್ಟ್ಯಾಕ್ ಹಾಗೇ ಇದ್ದು, ಸಿಸಿಪಿ ಕೂತಿರುವ ಮೆಮೊರಿಯನ್ನು ನೀವು ಮುಟ್ಟಿರದಿದ್ದರೆ ಮಾತ್ರ.

8085ರಿಂದ ಬರುವವರಿಗೆ ಎರಡು ಕಡೆ ಕಾಲು ಜಾರುತ್ತದೆ. ಕೇಪ್ರೊ, ಸಿಪಿಸಿ ಎರಡರಲ್ಲೂ ಇರುವುದು ಜೆಡ್80. ಅದಕ್ಕೆ 8080ಯ ಆದೇಶಗಳೆಲ್ಲ ಗೊತ್ತು, 8085 ಹೊಸದಾಗಿ ಸೇರಿಸಿದ ರಿಮ್, ಸಿಮ್ ಗೊತ್ತಿಲ್ಲ. ಅವುಗಳ ಹೆಕ್ಸ್ ಸಂಖ್ಯೆಗಳಾದ 20 ಮತ್ತು 30 ಜೆಡ್80ಗೆ ಷರತ್ತಿನ ಜಂಪ್‌ಗಳು, ಪ್ರೋಗ್ರಾಂ ಎಲ್ಲಿಗೋ ಹಾರಿಹೋಗುತ್ತದೆ. ಇನ್ನೊಂದು ಪ್ಯಾರಿಟಿ ಫ್ಲ್ಯಾಗ್. ಕೂಡಿ ಕಳೆದ ಮೇಲೆ ಜೆಡ್80ಯಲ್ಲಿ ಅದು ಪ್ಯಾರಿಟಿ ಅಲ್ಲ, ಓವರ್‌ಫ್ಲೋ ಹೇಳುತ್ತದೆ.

ಪರದೆ ಮೇಲೆ ಕರ್ಸರ್ ಓಡಿಸುವ ಪ್ರೋಗ್ರಾಂ ಬರೆಯುವ ಮನಸ್ಸಾದರೆ ಆ ಸಂಕೇತಗಳನ್ನೆಲ್ಲ ಒಂದೇ ಕಡೆ ಇಡಿ. ಕೇಪ್ರೊದಲ್ಲಿ ಎಸ್ಕೇಪ್, ಸಮ ಚಿಹ್ನೆ, ಆಮೇಲೆ 32 ಸೇರಿಸಿದ ಸಾಲು, 32 ಸೇರಿಸಿದ ಕಾಲಂ. ಸಿಪಿಸಿಯಲ್ಲಿ 31, ಆಮೇಲೆ ಮೊದಲು ಕಾಲಂ, ನಂತರ ಸಾಲು. ವರ್ಡ್‌ಸ್ಟಾರ್, ಟರ್ಬೊ ಪ್ಯಾಸ್ಕಲ್ ಎರಡರ ಜೊತೆಗೂ ಇನ್‌ಸ್ಟಾಲ್ ಪ್ರೋಗ್ರಾಂ ಬರುತ್ತಿದ್ದದ್ದು ಇದಕ್ಕೇ: ನಿಮ್ಮ ಟರ್ಮಿನಲ್ ಯಾವುದು ಅಂತ ಕೇಳಿ, ಪ್ರೋಗ್ರಾಂ ಒಳಗಿನ ಆ ಚಿಕ್ಕ ಜಾಗವನ್ನು ತಿದ್ದುತ್ತಿದ್ದವು.

ಉಪಕರಣಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೊತೆಗೆ ಬರುವ ಇಡಿ ಎಡಿಟರ್ ಬಳಸುವುದು ತ್ರಾಸದಾಯಕ. ನಿಮ್ಮ ಈಗಿನ ಕಂಪ್ಯೂಟರಿನಲ್ಲೇ ಬರೆದು ಸಿಪಿಎಂಟೂಲ್ಸ್‌ನಿಂದ ಡಿಸ್ಕ್ ಇಮೇಜಿಗೆ ಹಾಕಿ. ಲಿನಕ್ಸ್‌ನಲ್ಲಿ ಬರೆದರೆ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಸೇರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಎಎಸ್‌ಎಂ ಅದನ್ನು ಹೆಕ್ಸ್ ಫೈಲ್ ಮಾಡುತ್ತದೆ, ಲೋಡ್ ಅದನ್ನು ಡಾಟ್ ಕಾಮ್ ಮಾಡುತ್ತದೆ. ಸಿಪಿ/ಎಂನ ಹಕ್ಕುದಾರರು 2022ರಲ್ಲಿ ಇದನ್ನು ಬಳಸಲು, ಹಂಚಲು, ತಿದ್ದಲು ಎಲ್ಲರಿಗೂ ಅನುಮತಿ ಇದೆ ಅಂತ ಸ್ಪಷ್ಟ ಮಾಡಿದ್ದಾರೆ, ಹಾಗಾಗಿ ಆ ಬಗ್ಗೆ ಚಿಂತೆ ಬೇಡ.

ಇದು ಸರಿ ಹೋದ ಮೇಲೆ ಮುಂದಿನ ಪ್ರೋಗ್ರಾಂ ಕಾಪಿ ಆಗಿರಲಿ, ಬರೆಯುವುದೂ ಕಲಿತ ಹಾಗಾಗುತ್ತದೆ. ಹೊಸ ಫೈಲ್ ಮಾಡುವ 22ನೇ ಕರೆ ಅದೇ ಹೆಸರು ಮೊದಲೇ ಇದೆಯಾ ಅಂತ ನೋಡುವುದಿಲ್ಲ, ಒಂದೇ ಹೆಸರಿನ ಎರಡು ಫೈಲ್ ಮಾಡಿಬಿಡುತ್ತದೆ. ಅದಕ್ಕೆ ಮೊದಲು 19ರಿಂದ ಹಳೆಯದನ್ನು ಅಳಿಸಬೇಕು. ಅದಕ್ಕಿಂತ ಒಳ್ಳೆಯ ದಾರಿ, ಸಿಪಿ/ಎಂನದೇ ಕಾಪಿ ಪ್ರೋಗ್ರಾಂ ಆದ ಪಿಪ್ ಅನುಸರಿಸುವುದು: ಬಾಲದಲ್ಲಿ ಮೂರು ಡಾಲರ್ ಚಿಹ್ನೆ ಇರುವ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮುಚ್ಚಿ, ಆಮೇಲೆ ಹಳೆಯದನ್ನು ಅಳಿಸಿ ಹೆಸರು ಬದಲಿಸುವುದು. ಮುಚ್ಚುವ 16ನೇ ಕರೆ ಓದುವಾಗ ಬೇಕಾಗಿಲ್ಲ, ಬರೆಯುವಾಗ ಬೇಕೇ ಬೇಕು. ಬರೆದದ್ದು ಯಾವ ಬ್ಲಾಕ್‌ನಲ್ಲಿದೆ ಎಂಬ ನಕ್ಷೆ ಆವರೆಗೂ ನಿಮ್ಮ ಎಫ್‌ಸಿಬಿಯಲ್ಲಿ ಮಾತ್ರ ಇರುತ್ತದೆ, ಡಿಸ್ಕಿನ ಡೈರೆಕ್ಟರಿಗೆ ಹೋಗಿರುವುದಿಲ್ಲ. ಮುಚ್ಚದೆ ಮುಗಿಸಿದರೆ ಹೆಸರು ಕಾಣಿಸುತ್ತದೆ, ಒಳಗೆ 0ಕೆ. ಡಿಸ್ಕ್ ಬದಲಿಸಿದ ಮೇಲೆ ಬರೆಯಲು ಹೋಗಿ 'ಬಿಡಾಸ್ ಎರರ್, ರೀಡ್ ಓನ್ಲಿ' ಎಂಬ ಅರ್ಥದ ಸಂದೇಶ ಬಂದರೆ ಗಾಬರಿ ಬೇಡ. ಡಿಸ್ಕ್ ಬೇರೆ ಆಗಿದೆ ಅಂತ ಡೈರೆಕ್ಟರಿಯ ಚೆಕ್‌ಸಮ್‌ನಿಂದ ಪತ್ತೆ ಹಚ್ಚಿ ಅದು ನಿಮ್ಮ ಫೈಲ್‌ಗಳನ್ನು ಕಾಪಾಡುತ್ತಿದೆ. ಪ್ರಾಂಪ್ಟ್‌ನಲ್ಲಿ ಕಂಟ್ರೋಲ್-ಸಿ ಒತ್ತಿದರೆ ಸರಿ ಹೋಗುತ್ತದೆ.

ತಪ್ಪಿ ಏನಾದರೂ ಅಳಿಸಿದರೆ ಕೂಡಲೇ ಬರೆಯುವುದನ್ನು ನಿಲ್ಲಿಸಿ. ಅಳಿಸುವುದು ಅಂದರೆ ಡೈರೆಕ್ಟರಿಯಲ್ಲಿ ಆ ಫೈಲಿನ 32 ಬೈಟ್‌ಗಳ ಪೈಕಿ ಮೊದಲನೆಯದನ್ನು ಇ5 ಮಾಡುವುದು, ಅಷ್ಟೇ. ಐಬಿಎಂ ಮಾದರಿಯ ಹೊಸ ಡಿಸ್ಕ್ ಪೂರ್ತಿ ಇ5 ತುಂಬಿಕೊಂಡೇ ಬರುತ್ತಿತ್ತು, ಅದಕ್ಕೇ ಇ5 ಅಂದರೆ ಖಾಲಿ ಎಂಬ ಅರ್ಥ. ಡಿಸ್ಕ್ ಎಡಿಟರ್‌ನಲ್ಲಿ ಅದನ್ನು 00 ಮಾಡಿದರೆ ಫೈಲ್ ವಾಪಸ್ ಬರುತ್ತದೆ, ಅದರ ಬ್ಲಾಕ್‌ಗಳ ಮೇಲೆ ಬೇರೆ ಏನೂ ಬರೆದಿರದಿದ್ದರೆ. ದೊಡ್ಡ ಫೈಲ್ ಆಗಿದ್ದರೆ ಅದರ ಎಲ್ಲ ಎಕ್ಸ್‌ಟೆಂಟ್‌ಗಳಿಗೂ ಹೀಗೇ ಮಾಡಬೇಕು.

ಕಾಪಿ ಪ್ರೋಗ್ರಾಂನಲ್ಲಿ ಮಾತ್ರ 1ಎ ನೋಡಲು ಹೋಗಬೇಡಿ. ಡಾಟ್ ಕಾಮ್ ಫೈಲಿನ ಮಧ್ಯದಲ್ಲಿ 1ಎ ಎಂಬುದು ಮಾಮೂಲಿ ಆದೇಶ, ಎಲ್‌ಡಿಎಎಕ್ಸ್ ಡಿ. ಅಲ್ಲಿ ನಿಲ್ಲಿಸಿದರೆ ಅರ್ಧ ಪ್ರೋಗ್ರಾಂ ನಕಲಾಗುತ್ತದೆ. 20ನೇ ಕರೆ ಮುಗಿಯಿತು ಅನ್ನುವವರೆಗೆ ರೆಕಾರ್ಡ್‌ಗಳನ್ನು ಇದ್ದ ಹಾಗೇ ಎತ್ತಿ 21ರಿಂದ ಬರೆಯುತ್ತಾ ಹೋಗಿ.